ಭಾವಗೀತೆಯ ಮಾರಾಟ ತಾಣಗಳು ಮತ್ತು ಕರ್ತೃತ್ವದ ಪ್ರಶ್ನೆ

ಕನ್ನಡ ಕಾವ್ಯದ ಅಧ್ಯಯನದಲ್ಲಿ ಆಕರವೆಂದರೆ ಹಸ್ತಪ್ರತಿ ಇಲ್ಲವೆ ಮುದ್ರಿತ ಗ್ರಂಥ ಎಂಬ ತಿಳಿವಳಿಕೆ ಆಳವಾಗಿ ಬೇರೂರಿದೆ. ಓಲೆಗರಿಯ ಪ್ರತಿಯೊಂದು ಯಾವ ಮಠದಲ್ಲಿ ದೊರೆಯಿತು, ಅದನ್ನು ಯಾರು ನಕಲು ಮಾಡಿದರು, ಅದರ ಪುಷ್ಪಿಕೆಯಲ್ಲಿ ಏನು ಹೇಳಿದೆ ಎಂಬುದನ್ನು ಸಂಪಾದಕರು ತಾಳ್ಮೆಯಿಂದ ಶೋಧಿಸುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಹೊಸಗನ್ನಡ ಕವಿತೆಯು ಕವನಸಂಕಲನವನ್ನು ಕೊಳ್ಳದ ಅಪಾರ ಜನರನ್ನು ತಲುಪಿದ್ದು ಕಿವಿಯ ಮೂಲಕ. ಆ ಜನ ಹಾಡನ್ನು ಎಲ್ಲಿ ಕೊಂಡರು, ಎಲ್ಲಿಂದ ಇಳಿಸಿಕೊಂಡರು ಎಂಬುದು ಮೇಲುನೋಟಕ್ಕೆ ಕೇವಲ ವ್ಯಾಪಾರದ ಸಂಗತಿಯಾಗಿ ಕಾಣುತ್ತದೆ. ಹಾಡಿನೊಡನೆ ಕವಿಯ ಹೆಸರು ಬಂದಿತೆ, ಇಲ್ಲವೆ ಎಂಬ ಪ್ರಶ್ನೆಯನ್ನು ಎತ್ತಿದೊಡನೆ ಅದು ಗ್ರಂಥಸಂಪಾದನೆಯ ಸಂಗತಿಯೂ ಆಗುತ್ತದೆ.

ಭಾರತದಲ್ಲಿ ವಾಣಿಜ್ಯ ಉದ್ದೇಶದ ಧ್ವನಿಮುದ್ರಣ 1902ರಲ್ಲಿ ಕಲ್ಕತ್ತೆಯಲ್ಲಿ ಆರಂಭವಾಯಿತು. ಆಗ ಹಾಡಿದವರಲ್ಲಿ ಪ್ರಮುಖರಾದ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಸಂಗೀತಗಾರರಾಗಿ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆಕೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುವುದು ಕೇಳಿಸುತ್ತದೆ. ಇದನ್ನು ಧ್ವನಿರೂಪದ ಪುಷ್ಪಿಕೆ ಎನ್ನಬಹುದು. ಆದರೆ ಅದು ಗಾಯಕಿಯ ಪುಷ್ಪಿಕೆ, ಪದ ಕಟ್ಟಿದವರದಲ್ಲ. ಮೂರು ನಿಮಿಷದ ತಟ್ಟೆಯ ನಡುವಿನ ಸಣ್ಣ ಚೀಟಿಯಲ್ಲಿ ಗಾಯಕರ ಹೆಸರು, ರಾಗ, ಸಂಖ್ಯೆ ಇವುಗಳಿಗೆ ಮೊದಲ ಸ್ಥಳ. ರಚನಕಾರನು ಹಿಂದೆ ಸರಿಯುವ ಪ್ರವೃತ್ತಿ ಈ ಉದ್ಯಮದಲ್ಲಿ ಮೊದಲಿನಿಂದಲೂ ಇತ್ತು ಎಂಬುದಕ್ಕೆ ಇಷ್ಟು ಸಾಕು.

ಈ ಪ್ರವೃತ್ತಿಗೆ ಕನ್ನಡದಲ್ಲಿ ದೊಡ್ಡದೊಂದು ಅಪವಾದವಿದೆ. ಅದು ಧ್ವನಿಸುರುಳಿಯ ಕಾಲದ ಭಾವಗೀತೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದು, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾಯಿತು. 1976ರ ಕವನಸಂಕಲನದ ಹೆಸರೇ ಸುರುಳಿಯ ಹೆಸರೂ ಆದುದನ್ನು ಇಲ್ಲಿ ಗಮನಿಸಬೇಕು. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಗೀತೆಗಳು ಸಿ. ಅಶ್ವತ್ಥ್ ಅವರ ರಾಗಸಂಯೋಜನೆಯಲ್ಲಿ ಬಂದಾಗಲೂ 1942ರ ಸಂಕಲನದ ಹೆಸರೇ ಉಳಿಯಿತು. ಕೊಳ್ಳುವವನು ಅಂಗಡಿಗೆ ಬಂದು ಕೇಳುತ್ತಿದ್ದುದು ಪುಸ್ತಕದ ಹೆಸರನ್ನು. ಅಂಗಡಿಯಾತ ಗಾಜಿನ ಕಪಾಟಿನಿಂದ ತೆಗೆದುಕೊಟ್ಟ ಡಬ್ಬಿಯೊಳಗೆ ಮಡಿಸಿಟ್ಟ ಹಾಳೆಯೊಂದು ಇರುತ್ತಿತ್ತು. ಕವಿ, ರಾಗಸಂಯೋಜಕ, ಗಾಯಕರ ಹೆಸರುಗಳು, ಎರಡೂ ಬದಿಯ ಹಾಡುಗಳ ಪಟ್ಟಿ, ಕೆಲವೊಮ್ಮೆ ಕವಿತೆಯ ಪೂರ್ಣಪಾಠ ಅದರಲ್ಲಿ ಅಚ್ಚಾಗಿರುತ್ತಿದ್ದವು. ಬದಿಗೆ ಅರ್ಧಗಂಟೆಯ ಸುರುಳಿಯಲ್ಲಿ ಹಿಡಿಸಲೆಂದು ಗಾಯಕರು ಕೆಲವು ನುಡಿಗಳನ್ನು ಕೈಬಿಟ್ಟಿದ್ದರೆ, ಹಾಳೆಯಲ್ಲಿ ಪೂರ್ಣಪಾಠವಿದ್ದ ಕಡೆ ಕೇಳುಗನಿಗೆ ಬಿಟ್ಟ ನುಡಿಗಳೂ ಕಾಣುತ್ತಿದ್ದವು. ಹಾಡಿದ ಪಾಠ, ಮುದ್ರಿತ ಪಾಠ ಎರಡನ್ನೂ ಒಂದೇ ಡಬ್ಬಿಯಲ್ಲಿ ಒದಗಿಸಿದ ಮಾಧ್ಯಮ ಅದು. ಹಾಡಿಗೆ ಮುನ್ನ ಸಾಹಿತ್ಯ, ಸಂಗೀತ, ಗಾಯನ ಎಂದು ಮೂರು ಹೆಸರುಗಳನ್ನೂ ಹೇಳುತ್ತಿದ್ದ ಆಕಾಶವಾಣಿಯ ಶಿಸ್ತು ಇದಕ್ಕೆ ಪೂರಕವಾಗಿತ್ತು.

ಧ್ವನಿಸುರುಳಿಯ ಮಾರುಕಟ್ಟೆ ಸಂಪೂರ್ಣ ಶಿಸ್ತಿನದಾಗಿತ್ತೆಂದು ಇದರ ಅರ್ಥವಲ್ಲ. ಕೇಳಿದ ಹಾಡುಗಳನ್ನು ಖಾಲಿ ಸುರುಳಿಗೆ ತುಂಬಿಸಿಕೊಡುವ ಅಂಗಡಿಗಳು ಊರೂರಿನಲ್ಲಿದ್ದವು. ಬಸ್ ನಿಲ್ದಾಣಗಳಲ್ಲಿ, ಜಾತ್ರೆಗಳಲ್ಲಿ ಕಳ್ಳಪ್ರತಿಗಳು ಧಾರಾಳವಾಗಿ ದೊರೆಯುತ್ತಿದ್ದವು. ಆದರೂ ಹೆಸರು ಸಂಪೂರ್ಣವಾಗಿ ಕಳಚಿಕೊಂಡದ್ದು ಮುಂದಿನ ಹಂತದಲ್ಲಿ.

2000ದ ದಶಕದಲ್ಲಿ ಎಂಪಿ3 ಅಡಕಮುದ್ರಿಕೆಗಳು ಪಾದಚಾರಿ ಮಾರ್ಗದ ಸರಕಾದವು. ಒಂದೇ ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಹಾಡು. ಹೊದಿಕೆಯ ಮೇಲೆ ಗಾಯಕರ ಇಲ್ಲವೆ ನಟರ ಚಿತ್ರ. ಹಾಡಿನ ಕಡತದೊಳಗೆ ವಿವರ ಬರೆಯಲೆಂದು 1996ರಲ್ಲಿ ರೂಪುಗೊಂಡ ಐಡಿ3 ಎಂಬ ವ್ಯವಸ್ಥೆಯ ಮೊದಲ ರೂಪದಲ್ಲಿ ಇದ್ದುದು ಒಟ್ಟು 128 ಬೈಟುಗಳ ಸ್ಥಳ. ಶೀರ್ಷಿಕೆಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ 1. ಉಳಿದ ಮೂರು ಗುರುತಿನ ಅಕ್ಷರಗಳಿಗೆ. ಗೀತರಚನಕಾರನಿಗೆ ಮನೆಯೇ ಇಲ್ಲ. 1998ರ ಎರಡನೆಯ ರೂಪದಲ್ಲಿ ಅಂಥ ಮನೆಯೊಂದನ್ನು ಸೇರಿಸಲಾಯಿತಾದರೂ ಅದನ್ನು ತುಂಬುವ ಗೊಡವೆಗೆ ಹೋದವರು ವಿರಳ. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಗಾಯಕನೇ ಕೃತಿಯ ಗುರುತು ಎಂಬ ಗ್ರಹಿಕೆಯಿಂದ ಮೂಡಿದ ಕೋಷ್ಟಕವೊಂದು ಬೇಂದ್ರೆ, ಕುವೆಂಪು, ಅಡಿಗರ ಕವಿತೆಗಳಿಗೂ ಅನ್ವಯವಾಯಿತು.

ಈ ಸಂದರ್ಭದಲ್ಲಿ ಪ್ರಾಚೀನ ಪರಂಪರೆಯ ಒಂದು ಪದ್ಧತಿಯ ಬಲ ಹೊಸದಾಗಿ ಅರಿವಿಗೆ ಬರುತ್ತದೆ. ಬಸವಣ್ಣನವರ ವಚನದಲ್ಲಿ ಕೂಡಲಸಂಗಮದೇವ, ದಾಸರ ಪದದಲ್ಲಿ ಪುರಂದರವಿಠಲ, ಶಿಶುನಾಳ ಶರೀಫರ ಪದಗಳಲ್ಲಿ ಶಿಶುನಾಳಾಧೀಶ ಎಂಬ ಅಂಕಿತ ಪಾಠದ ಒಳಗೇ ಇದೆ. ಡಬ್ಬಿ ಕಳೆದರೂ, ಹಾಳೆ ಹರಿದರೂ, ಕಡತದ ಹೆಸರು ಅಳಿಸಿಹೋದರೂ ಹಾಡಿದೊಡನೆ ಕರ್ತೃ ಪ್ರತ್ಯಕ್ಷನಾಗುತ್ತಾನೆ. ನವೋದಯ ಕವಿಗಳು ಅಂಕಿತವನ್ನು ಕೈಬಿಟ್ಟರು. ಅಂಬಿಕಾತನಯದತ್ತ ಎಂಬ ಹೆಸರು ಸಾಮಾನ್ಯವಾಗಿ ಪುಸ್ತಕದ ಮುಖಪುಟದಲ್ಲಿರುತ್ತದೆಯೇ ಹೊರತು ಪದ್ಯದ ಕೊನೆಯ ನುಡಿಯಲ್ಲಿ ಅಲ್ಲ. ಅವರ ಕರ್ತೃತ್ವಕ್ಕೆ ಮುದ್ರಿತ ಪುಟವೇ ಆಧಾರ. ಆದುದರಿಂದ ಪುಟದ ಸ್ಥಾನದಲ್ಲಿದ್ದ ಡಬ್ಬಿಯ ಹಾಳೆ ಇಲ್ಲವಾದಾಗ ಶರೀಫರಿಗೆ ಆಗದ ನಷ್ಟ ಕೆ.ಎಸ್.ನ. ಅವರಿಗೆ ಆಯಿತು. ಭಾವಗೀತೆಯನ್ನು ಹಾಡಿದವರ ಹೆಸರಿನಲ್ಲಿ ಗುರುತಿಸುವ ರೂಢಿಯ ಮೂಲವನ್ನು ಕೇಳುಗರ ಅಜ್ಞಾನದಲ್ಲಿ ಹುಡುಕುವುದಕ್ಕಿಂತ ಈ ವ್ಯತ್ಯಾಸದಲ್ಲಿ ಹುಡುಕುವುದು ಹೆಚ್ಚು ಉಚಿತ. ಅಂಕಿತವೂ ನಿರಪಾಯಕಾರಿಯಲ್ಲ, ಒಬ್ಬರ ಅಂಕಿತ ಇನ್ನೊಬ್ಬರ ಪದಕ್ಕೆ ಅಂಟಿಕೊಂಡ ನಿದರ್ಶನಗಳನ್ನು ದಾಸಸಾಹಿತ್ಯದ ಸಂಪಾದಕರು ಬಲ್ಲರು. ಆದರೆ ಅಲ್ಲಿ ಚರ್ಚೆಗೆ ಒಂದು ಹೆಸರಾದರೂ ಉಳಿದಿರುತ್ತದೆ.

ಅಡಕಮುದ್ರಿಕೆಯ ನಂತರದ ಖರೀದಿಯ ತಾಣವೆಂದರೆ ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ. ಅಲ್ಲಿಯ ಕಂಪ್ಯೂಟರಿನಿಂದ ಗಿರಾಕಿಯ ಮೆಮೊರಿ ಕಾರ್ಡಿಗೆ ಅಲ್ಪ ಹಣಕ್ಕೆ ನೂರಾರು ಹಾಡುಗಳನ್ನು ತುಂಬಿಸಿಕೊಡಲಾಗುತ್ತಿತ್ತು. ಕಾನೂನಿನ ದೃಷ್ಟಿಯಲ್ಲಿ ಇದು ಕೃತಿಚೌರ್ಯವೇ. ಆದರೆ ಗ್ರಾಮೀಣ ಕೇಳುಗರಿಗೆ ಭಜನೆಪದ, ತತ್ತ್ವಪದ, ಗೀಗೀಪದಗಳು ಚಲನಚಿತ್ರಗೀತೆಗಳೊಡನೆ ಒಟ್ಟಿಗೆ ದೊರೆತದ್ದು ಇಂಥ ಅಂಗಡಿಗಳಲ್ಲಿಯೇ. ಅಂಗಡಿಯಾತ ಮಾಡಿಟ್ಟುಕೊಂಡ ವಿಂಗಡಣೆಯೇ ಒಂದು ಬಗೆಯ ಸಂಕಲನವಾಗಿತ್ತು. ಆ ಸಂಕಲನಗಳ ಒಂದು ಪ್ರತಿಯನ್ನಾದರೂ ಜಾನಪದ ವಿಭಾಗಗಳು ಆಗ ಕೇಳಿ ಪಡೆದಿದ್ದರೆ ಒಂದು ದಶಕದ ಜನರುಚಿಯ ದಾಖಲೆ ಕೈಯಲ್ಲಿರುತ್ತಿತ್ತು.

ಹಾಡನ್ನು ಬೆಲೆ ಕೊಟ್ಟು ಇಳಿಸಿಕೊಳ್ಳುವ ಪದ್ಧತಿ ಇಲ್ಲಿ ಬೇರುಬಿಡಲಿಲ್ಲ. ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು 2012ರ ಫೆಬ್ರವರಿಯಲ್ಲಿ ತೆರೆದ ಫ್ಲೈಟ್ ಎಂಬ ಹಾಡಿನ ಮಳಿಗೆ 2013ರ ಜೂನ್‌ನಲ್ಲಿ ಮುಚ್ಚಿತು. ಆಪಲ್ ಸಂಸ್ಥೆಯ ಐಟ್ಯೂನ್ಸ್ ಮಳಿಗೆ ಅಮೆರಿಕದಲ್ಲಿ 2003ರಲ್ಲಿ ಆರಂಭವಾಗಿದ್ದರೂ ಭಾರತಕ್ಕೆ ಬಂದದ್ದು 2012ರ ಡಿಸೆಂಬರಿನಲ್ಲಿ. 2016ರಲ್ಲಿ ಜಿಯೊ ಸೇವೆ ಬಂದು ಅಂತರಜಾಲದ ಬೆಲೆ ಕುಸಿದ ಮೇಲೆ ಹಾಡನ್ನು ಸ್ವಂತಕ್ಕೆ ಇಟ್ಟುಕೊಳ್ಳುವ ಅಗತ್ಯವೇ ಕಡಿಮೆಯಾಯಿತು. ಯೂಟ್ಯೂಬ್, ಗಾನಾ, ಜಿಯೊಸಾವನ್, 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಇವು ಈಗ ಕೇಳುವಿಕೆಯ ಮುಖ್ಯ ತಾಣಗಳು. ಗೀತಕಾರರ ಹೆಸರು ತೋರಿಸುವ ಸೌಲಭ್ಯ ಸ್ಪಾಟಿಫೈನಲ್ಲಿ 2018ರಿಂದ ಇದೆ. ಧ್ವನಿಮುದ್ರಣ ಸಂಸ್ಥೆ ಒದಗಿಸಿದ ಮಾಹಿತಿಯಷ್ಟೇ ಅಲ್ಲಿ ಕಾಣುತ್ತದೆ. ಇನ್ನು ‘ಮೈಸೂರ ಮಲ್ಲಿಗೆ’ ಎಂದು ಹುಡುಕುವವನ ಮುಂದೆ ಧ್ವನಿಸುರುಳಿಯ ಗೀತೆಗಳು, ಟಿ.ಎಸ್. ನಾಗಾಭರಣ ನಿರ್ದೇಶನದ ಚಲನಚಿತ್ರದ ಗೀತೆಗಳು ಎರಡೂ ಒಂದೇ ಹೆಸರಿನಲ್ಲಿ ನಿಲ್ಲುತ್ತವೆ. 1942ರಲ್ಲಿ ಪ್ರಕಟವಾದ ಕವಿತೆಗಳ ಕವಿಗೆ ಆ ಚಿತ್ರಕ್ಕಾಗಿ 39ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಗೀತರಚನೆಯ ಪುರಸ್ಕಾರ ದೊರೆಯಿತು ಎಂಬುದು ಈ ಗೊಂದಲಕ್ಕೆ ಮತ್ತೊಂದು ಎಳೆಯನ್ನು ಸೇರಿಸುತ್ತದೆ.

ಹೆಸರಿನ ಪ್ರಶ್ನೆ ಗೌರವಕ್ಕಷ್ಟೇ ಸೀಮಿತವಲ್ಲ. ಕವಿಯ ಮರಣಾನಂತರ ಅರುವತ್ತು ವರ್ಷ ಹಕ್ಕುಸ್ವಾಮ್ಯ ಉಳಿಯುವುದರಿಂದ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಧ್ವನಿಮುದ್ರಣದ ಬಳಕೆಯಿಂದ ಬರುವ ಗೌರವಧನದಲ್ಲಿ ಸಾಹಿತ್ಯ ರಚಿಸಿದವರ ಸಮಪಾಲಿಗೆ 2012ರ ತಿದ್ದುಪಡಿಯು ಭದ್ರತೆ ನೀಡಿತು. ಪಾಲು ಸಲ್ಲಬೇಕಾದರೆ ಮೊದಲು ಹೆಸರು ದಾಖಲಾಗಿರಬೇಕು. ಆದರೆ ಅದೇ ಕಾಯಿದೆಯ 52ಎ ಪ್ರಕರಣ ಧ್ವನಿಮುದ್ರಿಕೆಯ ಮೇಲೆ ಕಡ್ಡಾಯಗೊಳಿಸುವುದು ತಯಾರಕರ ಮತ್ತು ಹಕ್ಕಿನ ಒಡೆಯರ ಹೆಸರು-ವಿಳಾಸ ಹಾಗೂ ಮೊದಲ ಪ್ರಕಟಣೆಯ ವರ್ಷ, ಇಷ್ಟನ್ನು ಮಾತ್ರ. ಹಕ್ಕನ್ನು ಬಿಟ್ಟುಕೊಟ್ಟ ಕವಿಯ ಹೆಸರನ್ನು ಅದು ಕೇಳುವುದಿಲ್ಲ. ಕರ್ತೃತ್ವವನ್ನು ಸಾಧಿಸುವ ಹಕ್ಕು 57ನೆಯ ಪ್ರಕರಣದಲ್ಲಿ ಇದೆಯಾದರೂ ಅದನ್ನು ಕವಿಯೋ ವಾರಸುದಾರರೋ ತಾವಾಗಿ ಚಲಾಯಿಸಬೇಕು.

ಪುಸ್ತಕಗಳ ಒಂದೊಂದು ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಸಾರ್ವಜನಿಕ ಗ್ರಂಥಾಲಯಗಳಿಗೂ ಒಪ್ಪಿಸಬೇಕೆನ್ನುವ 1954ರ ಕಾಯಿದೆಯು ಮುದ್ರಿತ ಸ್ವರಲಿಪಿಯ ಹಾಳೆಯನ್ನು, ನಕಾಶೆಯನ್ನು ಪುಸ್ತಕವೆಂದೇ ಪರಿಗಣಿಸುತ್ತದೆ; ಧ್ವನಿಸುರುಳಿಯ ಮಾತು ಅದರಲ್ಲಿ ಇಲ್ಲ. ಹೀಗಾಗಿ ಭಾವಗೀತೆಯ ಸುರುಳಿಗಳು ಉಳಿದಿರುವುದು ಹೆಚ್ಚಾಗಿ ಮನೆಗಳ ಅಟ್ಟಗಳಲ್ಲಿ, ನಿವೃತ್ತ ಅಧ್ಯಾಪಕರ ಕಪಾಟುಗಳಲ್ಲಿ. ಅವುಗಳನ್ನು ಗಣಕಕ್ಕೆ ವರ್ಗಾಯಿಸುವವರು ಧ್ವನಿಯನ್ನು ಮಾತ್ರ ಉಳಿಸಿಕೊಂಡು ಡಬ್ಬಿಯನ್ನು ಗುಜರಿಗೆ ಹಾಕುವುದುಂಟು. ಮಡಿಸಿದ ಹಾಳೆಯೂ ಅದರೊಡನೆಯೇ ಹೋಗುತ್ತದೆ.