ಈ ಕವರ್ ಬಿಚ್ಚೋರು ಯಾರು?

ಕುರುಬರಹಳ್ಳಿಯ ನಮ್ಮ ಗಲ್ಲಿಗೆ ಕಸದ ಆಟೋ ಬರುವುದು ಬೆಳಗ್ಗೆ ಏಳಕ್ಕೆ. ಮಗಳಿಗೆ ಏಳು ತಿಂಗಳಿದ್ದಾಗಿನ ಮಾತು. ರಾತ್ರಿಯಿಡೀ ನಿದ್ದೆಯಿಲ್ಲ, ಕೈಯಲ್ಲಿ ಒಂದೇ ಕಪ್ಪು ಕವರ್. ಅನ್ನ, ಮೀನಿನ ಮುಳ್ಳು, ಹಾಲಿನ ಪ್ಯಾಕೆಟ್, ಐದು ಡೈಪರ್ ಎಲ್ಲ ಅದರಲ್ಲೇ. ಪೌರಕಾರ್ಮಿಕ ಮಹಿಳೆ ಕವರನ್ನು ಕೈಯಲ್ಲಿ ತೂಗಿ ನೋಡಿ, "ಏನಮ್ಮಾ, ಇದನ್ನ ಬಿಚ್ಚೋರು ಯಾರು? ನಿಮ್ ಮಗೀದು ನಮ್ ಕೈಯಲ್ಲಿ ಬಾಚಬೇಕಾ?" ಎಂದರು. ಜೋರಾಗಿಯೇನೂ ಹೇಳಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ.

ಅವರು ಕೇಳಿದ್ದು ಹೊಸ ವಿಷಯವೇನಲ್ಲ. ಬೆಂಗಳೂರಿನಲ್ಲಿ ಎರಡು ಬಕೆಟ್, ಒಂದು ಚೀಲದ ಕ್ರಮ ಪಾಲಿಸಬೇಕೆಂದು ಹೈಕೋರ್ಟ್ 2015ರ ಡಿಸೆಂಬರ್‌ನಲ್ಲೇ ಹೇಳಿದೆ. ಹಸಿರು ಬಕೆಟ್‌ಗೆ ಹಸಿಕಸ, ಚೀಲಕ್ಕೆ ಒಣಕಸ, ಕೆಂಪು ಬಕೆಟ್‌ಗೆ ಡೈಪರ್, ಪ್ಯಾಡ್, ಬ್ಯಾಂಡೇಜ್. ಡೈಪರನ್ನು ಸುತ್ತಿಯೇ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮವೂ ಹೇಳಿತ್ತು. ಡೈಪರ್ ಇರುವ ಮನೆಯಲ್ಲಿ ಇದಷ್ಟೂ ತಪ್ಪಿದರೆ, ತಪ್ಪಿದ್ದೆಲ್ಲ ಹೋಗಿ ಸೇರುವುದು ಇನ್ನೊಬ್ಬ ತಾಯಿಯ ಬೆರಳಿಗೆ.

ಆವತ್ತು ಕೂತು ಲೆಕ್ಕ ಹಾಕಿದೆ. ದಿನಕ್ಕೆ ಐದರಂತೆ ಎರಡು ವರ್ಷಕ್ಕೆ 3,650 ಡೈಪರ್. ಒಂದಕ್ಕೆ ಹತ್ತು ರೂಪಾಯಿ ಎಂದರೂ ತಿಂಗಳಿಗೆ 1,500 ರೂಪಾಯಿ. ಅದರ ಹೊರಪದರ ಪ್ಲಾಸ್ಟಿಕ್. ಒಳಗಿರುವುದು ಸೋಡಿಯಂ ಪಾಲಿಆಕ್ರಿಲೇಟ್ ಎಂಬ ಪುಡಿ, ಮೂತ್ರ ಹೀರಿ ಜೆಲ್ಲಿಯಂತಾಗುತ್ತದೆ. ಗೊಬ್ಬರವಾಗುವುದಿಲ್ಲ, ಗುಜರಿಯವರು ತೆಗೆದುಕೊಳ್ಳುವುದಿಲ್ಲ. ಪುಟ್ಟ ಮಗುವಿರುವ ಮನೆಯವರು ಕಸ ಕಡಿಮೆ ಮಾಡಬೇಕೆಂದಿದ್ದರೆ ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ ಎಲ್ಲ ಆಮೇಲೆ ನೋಡಿಕೊಳ್ಳಲಿ. ಮೊದಲು ಕೈ ಹಾಕಬೇಕಾದ್ದು ಇಲ್ಲಿಗೆ.

ಊರಿಗೆ ಫೋನ್ ಮಾಡಿದೆ. "ನಿನ್ನನ್ನು ಯಾವ ಪ್ಯಾಕೆಟ್ಟಿನಲ್ಲಿ ಬೆಳೆಸಿದ್ದು ಮೋಳೆ?" ಎಂದು ಉಮ್ಮ ನಕ್ಕರು. ಮರುವಾರ ಮಂಗಳೂರು ಬಸ್ಸಿನಲ್ಲಿ ಒಂದು ಗಂಟು ಬಂತು: ತೊಳೆದು ತೊಳೆದು ಮೆತ್ತಗಾದ ಬಿಳಿ ಮುಂಡು, ಹಳೆ ಕಾಟನ್ ಸೀರೆ, ಎಲ್ಲ ಚೌಕ ಚೌಕವಾಗಿ ಹರಿದು ಮಡಚಿಟ್ಟದ್ದು. ಮೂಲೆ ಮಡಚಿ ತ್ರಿಕೋನ ಮಾಡಿ ಕಟ್ಟಿದರೆ ಲಂಗೋಟಿ. ಅಂಗಡಿಯಲ್ಲಿ ಬಟನ್ ಇರುವ ಬಟ್ಟೆ ಡೈಪರ್‌ಗಳೂ ಸಿಗುತ್ತವೆ. ಒಂದಕ್ಕೆ ಕೆಲವು ನೂರು ರೂಪಾಯಿ, ಆದರೆ ಎರಡನೇ ಮಗುವಿಗೂ ಬರುತ್ತವೆ.

ಈಗ ನಮ್ಮ ಮನೆಗಳ ನಿಜವಾದ ಅಡ್ಡಿಗೆ ಬರೋಣ. ಬಟ್ಟೆ ಎಂದ ಕೂಡಲೇ ಅಕ್ಕ ಕೇಳಿದ್ದು, "ಮೈಮೇಲೆಲ್ಲ ಉಚ್ಚೆಯಾದರೆ ಐದು ಹೊತ್ತಿನ ನಮಾಝ್ ಹೇಗೆ?" ಈ ಕಾರಣಕ್ಕೇ ಡೈಪರ್ ಬಿಡದ ಎಷ್ಟೋ ತಾಯಂದಿರಿದ್ದಾರೆ, ಅವರ ಚಿಂತೆ ಸಣ್ಣದಲ್ಲ. ನಾನು ಕಂಡುಕೊಂಡದ್ದು ಇಷ್ಟೇ: ನಮಾಝ್‌ನ ಬಟ್ಟೆ ಪೂರ್ತಿ ಬೇರೆ, ಕೋಣೆಯ ಬಾಗಿಲ ಹಿಂದಿನ ಮೊಳೆಗೆ. ಅದನ್ನು ತೊಟ್ಟಾಗ ಮಗು ಬಾಪನ ಕೈಯಲ್ಲಿ. ಮುಸಲ್ಲ ಮಗು ಆಡುವ ಚಾಪೆಯ ಹತ್ತಿರ ಇರುವುದೇ ಇಲ್ಲ. ಒಂದು ವಾರ ಕಷ್ಟವಾಯಿತು, ಆಮೇಲೆ ಅಭ್ಯಾಸವಾಯಿತು.

ಎರಡನೆಯದು ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದು ನೆನಪಿರಬಹುದು. ಅಂಥ ಊರಲ್ಲಿ ಲಂಗೋಟಿ ಒಗೆಯುವುದೇ? ಗಟ್ಟಿಯಾದದ್ದನ್ನು ಮೊದಲು ಕಮೋಡ್‌ಗೆ ಉದುರಿಸಿ, ಮುಚ್ಚಳವಿರುವ ಬಕೆಟ್‌ನಲ್ಲಿ ತಣ್ಣೀರಿಗೆ ಹಾಕಿಟ್ಟು, ದಿನಕ್ಕೊಮ್ಮೆ ಒಟ್ಟಿಗೆ ಒಗೆದರೆ ಹೆಚ್ಚೇನೂ ಬೇಡ. ಕೊನೆಯ ಜಾಲಾಟದ ನೀರು ಟಾಯ್ಲೆಟ್‌ಗೆ ಹಾಕಲು ಆಗುತ್ತದೆ. ಬಟ್ಟೆ ಮೆತ್ತಗಾಗಲೆಂದು ಹಾಕುವ ಕಂಫರ್ಟ್‌ನಂಥದ್ದು ಬೇಡವೇ ಬೇಡ, ಬಟ್ಟೆ ಹೀರುವುದನ್ನೇ ನಿಲ್ಲಿಸುತ್ತದೆ. ಬಿಸಿಲಿಗೆ ಹಾಕಿದರೆ ಕಲೆಯೂ ವಾಸನೆಯೂ ಹೋಗುತ್ತದೆ. ಟೆರೇಸಿನಲ್ಲಿ ಲಂಗೋಟಿ ಸಾಲು ನೋಡಿ ಓನರ್ ಆಂಟಿ ಮೊದಲು ಮುಖ ಸಿಂಡರಿಸಿದ್ದರು. ಈಗ ಮಳೆ ಹನಿದರೆ ಅವರೇ ಎತ್ತಿ ತಂದುಕೊಡುತ್ತಾರೆ.

ಮೂರನೆಯದು ಒಗೆಯುವವರು ಯಾರು ಎಂಬುದು. ಪರಿಸರದ ಹೆಸರಿನಲ್ಲಿ ಬಾಣಂತಿಯ ತಲೆಗೆ ಇನ್ನೊಂದು ಕೆಲಸ ಹೊರಿಸುವುದಾದರೆ ನನ್ನ ಒಪ್ಪಿಗೆ ಇಲ್ಲ. ನಮ್ಮಲ್ಲಿ ಬೆಳಗಿನ ಆ ಬಕೆಟ್ ಗಂಡನದ್ದು. ಅವರು ಊರಿಗೆ ಹೋದ ವಾರ ಮನೆಗೆ ಡೈಪರ್ ಬರುತ್ತದೆ. ಬರಲಿ.

ನಮ್ಮ ಬಡಾವಣೆಯ ರಾಜಕಾಲುವೆಯ ಬಗ್ಗೆ ಹೇಳದಿದ್ದರಾಗದು. ಆಟೋ ತಪ್ಪಿದ ದಿನ ಕತ್ತಲಾದ ಮೇಲೆ ಅದಕ್ಕೆ ಕವರ್ ಎಸೆದು ಹೋಗುವವರನ್ನು ನೋಡಿದ್ದೇನೆ. 2017ರ ಅಕ್ಟೋಬರ್ 13ರ ರಾತ್ರಿಯ ಮಳೆಗೆ ಇದೇ ಕುರುಬರಹಳ್ಳಿಯಲ್ಲಿ ಕಾಲುವೆ ಉಕ್ಕಿ ಜನ ಕೊಚ್ಚಿಹೋದರು, ಗೋಡೆ ಕುಸಿದೂ ಜೀವ ಹೋಯಿತು. ಆ ಸಾವಿಗೆ ಡೈಪರ್ ಕಾರಣ ಎಂದು ನಾನು ಹೇಳುತ್ತಿಲ್ಲ, ಸುರಿದ ಮಳೆಯೇ ಹಾಗಿತ್ತು. ಆದರೆ ನೀರು ಹರಿಯಬೇಕಾದ ಜಾಗದಲ್ಲಿ ನೀರು ಹೀರಿ ಉಬ್ಬುವ ವಸ್ತುವನ್ನು ಎಸೆಯಲು ಆ ರಾತ್ರಿ ಗೊತ್ತಿದ್ದವರಿಗೆ ಕೈ ಬರಬಾರದು. ಇಲ್ಲಿಂದ ಅದು ವೃಷಭಾವತಿಗೆ, ಬಿಡದಿ ಬಳಿಯ ಬೈರಮಂಗಲ ಕೆರೆಗೆ, ಮುಂದೆ ಅರ್ಕಾವತಿಗೆ ಹೋಗುತ್ತದೆ.

ಇದು ಬೆಂಗಳೂರಿನವರ ತಲೆನೋವು ಎಂದು ಊರಲ್ಲಿರುವವರು ಅಂದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಂದಾಗ ಅದರಲ್ಲಿದ್ದದ್ದು ಮಂಗಳೂರಿನ ನಮ್ಮ ನೆಂಟರ ಮನೆಗಳ ಕಸವೇ ಅಲ್ಲವೇ?

ಮಗಳಿಗೆ ಈಗ ಒಂದೂವರೆ ವರ್ಷ. ಹಗಲು ಬಟ್ಟೆ, ರಾತ್ರಿಗೆ ಮತ್ತು ಪ್ರಯಾಣಕ್ಕೆ ಡೈಪರ್. ಐದಿದ್ದದ್ದು ಒಂದಕ್ಕೆ ಇಳಿದಿದೆ. ಎದ್ದ ಕೂಡಲೇ ಬಾತ್‌ರೂಮಿನಲ್ಲಿ ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದೇನೆ, ವಾರದಲ್ಲಿ ಎರಡು ದಿನ ರಾತ್ರಿಯದ್ದೂ ಒಣಗಿಯೇ ಇರುತ್ತದೆ. ಬಟ್ಟೆ, ಆಟಿಕೆಗಳಿಗೆ ನಾವು ಹೆಚ್ಚು ಯೋಚಿಸಲಿಲ್ಲ, ಅಕ್ಕನ ಮಕ್ಕಳದ್ದೇ ಸಾಕಾಯಿತು. ಹುಟ್ಟುಹಬ್ಬಕ್ಕೆ ಪೇಪರ್ ಪ್ಲೇಟ್ ತರದೆ ಪಕ್ಕದ ಮನೆಗಳಿಂದ ಸ್ಟೀಲ್ ಬಟ್ಟಲು ತಂದೆವು. ಎರಡು ಕಳೆದುಹೋದವು, ಹೊಸದು ಕೊಡಿಸಿದೆ.

ಉಳಿದ ಆ ಒಂದು ಡೈಪರನ್ನು ಒಳಗಿನದ್ದು ಒಳಗೇ ಉಳಿಯುವಂತೆ ಸುರುಳಿ ಸುತ್ತಿ, ಪತ್ರಿಕೆಯ ಹಾಳೆಯಲ್ಲಿ ಮಡಚಿ, ಮೇಲೆ ಕೆಂಪು ಪೆನ್ನಿನಲ್ಲಿ ಗುಣಾಕಾರದ ಗುರುತು ಹಾಕುತ್ತೇನೆ. ಗುರುತು ಕಂಡರೆ ಆ ಮಹಿಳೆ ಬಿಚ್ಚುವುದಿಲ್ಲ. ಮೊನ್ನೆ ಕೆಂಪು ಪೆನ್ನು ಸಿಗಲಿಲ್ಲವೆಂದು ಲಿಪ್‌ಸ್ಟಿಕ್‌ನಲ್ಲಿ ಗೀಚಿ ಕೊಟ್ಟಾಗ ಅವರು ಜೋರಾಗಿ ನಕ್ಕರು.