ಫೋರ್ಕ್‌ಲಿಫ್ಟ್ ಕೊಳ್ಳುವ ಮುಂಚೆ: ಕೆಟ್ಟು ನಿಂತರೆ ಬರೋರು ಯಾರು?

ಮಂಡ್ಯ: ಈ ಜಿಲ್ಲೆಯ ವ್ಯಾಪಾರ ನಿಂತಿರುವುದೇ ಮೂಟೆಯ ಮೇಲೆ. ಸಕ್ಕರೆ, ಬೆಲ್ಲ, ಭತ್ತ, ಅಕ್ಕಿ, ಎಲ್ಲವೂ ಮೂಟೆ. ಹಿಂದೆ ಅದನ್ನೆಲ್ಲ ಹೊತ್ತದ್ದು ಹಮಾಲಿಗಳ ಬೆನ್ನು. ಈಗ ದೊಡ್ಡ ಗೋದಾಮುಗಳಿಗೆ ಫೋರ್ಕ್‌ಲಿಫ್ಟ್ ಬಂದಿದೆ. ಹಮಾಲಿಯ ಬೆನ್ನು ಉಳಿಯಿತು, ಸರಿ. ಆದರೆ ಗಾಡಿ ಆರಿಸುವಾಗ ಎಡವಿದರೆ ಅದೇ ಹಮಾಲಿಯ ಕಾಲು ಹೋದೀತು, ಜೀವವೂ ಹೋದೀತು.

ಕೊಳ್ಳುವವರ ಮೊದಲ ಪ್ರಶ್ನೆ, "ರೇಟೆಷ್ಟು?" ಎರಡನೆಯದು, "ಎಷ್ಟು ಟನ್ ಎತ್ತುತ್ತೆ?" ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಸಾಮಾನ್ಯವಾಗಿ ಎರಡು ಟನ್ ಗಾಡಿ ಎಂದರೆ, ಹೊರೆಯ ನಡುಭಾಗ ಫೋರ್ಕಿನ ಬುಡದಿಂದ 500 ಮಿ.ಮೀ. ದೂರದಲ್ಲಿದ್ದಾಗ ಮಾತ್ರ ಎರಡು ಟನ್. 1,200 ಮಿ.ಮೀ. ಉದ್ದದ ಪ್ಯಾಲೆಟ್ಟನ್ನು ಉದ್ದಕ್ಕೆ ಎತ್ತಿದರೆ ಆ ದೂರ 600 ಆಗುತ್ತದೆ, ಗಾಡಿಯ ತಾಕತ್ತು ಇಳಿಯುತ್ತದೆ. 50 ಕಿಲೋದ 30 ಮೂಟೆ ಪೇರಿಸಿದರೆ ಅಲ್ಲಿಗೆ 1,500 ಕಿಲೋ; ಪ್ಯಾಲೆಟ್ಟಿನ ತೂಕ ಬೇರೆ. "ಇನ್ನೊಂದು ನಾಲ್ಕು ಹಾಕ್ರಪ್ಪಾ" ಅನ್ನುವ ಮುಂಚೆ ಗಾಡಿಯ ಮೇಲಿನ ಸಾಮರ್ಥ್ಯದ ಫಲಕ ನೋಡಬೇಕು. ಫಲಕವೇ ಇಲ್ಲದ ಹಳೇ ಗಾಡಿ ಕೊಳ್ಳಲೇಬೇಡಿ.

ಇನ್ನೂ ನೋಡಬೇಕಾದವು ಇವೆ. ತಲೆಯ ಮೇಲೆ ಕಬ್ಬಿಣದ ಚೌಕಟ್ಟು, ಸೀಟ್ ಬೆಲ್ಟ್, ಹಾರನ್, ರಿವರ್ಸ್ ಸದ್ದು ಇರಲೇಬೇಕು. ಬೆಲ್ಟ್ ಯಾಕೆ? ಗಾಡಿ ಮಗುಚುವಾಗ ಹೊರಗೆ ಹಾರಿದವನ ಮೇಲೇ ಆ ಚೌಕಟ್ಟು ಬೀಳುತ್ತದೆ. ಬೆಲ್ಟ್ ಕಟ್ಟಿ ಒಳಗೇ ಗಟ್ಟಿಯಾಗಿ ಹಿಡಿದು ಕೂತವನು ಬದುಕುವ ಸಾಧ್ಯತೆಯೇ ಹೆಚ್ಚು. ಫೋರ್ಕಿನ ಮೇಲೆ ಆಳನ್ನು ನಿಲ್ಲಿಸಿ ಎತ್ತುವುದಂತೂ ಬೇಡವೇ ಬೇಡ.

ಡೀಸೆಲ್ಲೋ, ಬ್ಯಾಟರಿಯೋ? ಬಯಲು ಅಂಗಳಕ್ಕೆ ಡೀಸೆಲ್ ಸರಿ. ಮುಚ್ಚಿದ ಗೋದಾಮಿನಲ್ಲಿ ಅದರ ಹೊಗೆ ಉಸಿರಿಗೂ ಕೆಡುಕು, ಅಕ್ಕಿಗೂ ಕೆಡುಕು. ಬ್ಯಾಟರಿ ಗಾಡಿಗೆ ಹೊಗೆಯಿಲ್ಲ. ಆದರೆ ಮಾಮೂಲಿ ಸೀಸ-ಆಸಿಡ್ ಬ್ಯಾಟರಿ ಚಾರ್ಜಾಗಲು ಸುಮಾರು ಎಂಟು ಗಂಟೆ ಬೇಕು. ಆಗ ಹೊರಬರುವ ಅನಿಲಕ್ಕೆ ಬೀಡಿಯ ಕಿಡಿಯೂ ಸಾಕು. ಗಾಳಿಯಾಡುವ ಜಾಗ, ನಂಬಬಹುದಾದ ಕರೆಂಟು ಎರಡೂ ಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸರ್ವಿಸ್‌ನದು. ಗೆಜ್ಜಲಗೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳಿರುವ ಮದ್ದೂರು ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೇ ಇದೆ. ಮಂಡ್ಯಕ್ಕೆ ಬೆಂಗಳೂರು ಸುಮಾರು 100 ಕಿ.ಮೀ., ಮೈಸೂರು ಸುಮಾರು 45. ಮಳವಳ್ಳಿ ಆ ಹೆದ್ದಾರಿಯಿಂದ ಪಕ್ಕಕ್ಕೆ, ರೈಲೂ ಇಲ್ಲ. ಮೂರೂರಿಗೂ ಒಂದೇ ಮಾತು ಕೊಡುವ ಏಜೆಂಟನನ್ನು ಕೇಳಿ: ಕರೆದ ಎಷ್ಟು ಗಂಟೆಯಲ್ಲಿ ಮೆಕ್ಯಾನಿಕ್ ಬರ್ತಾನೆ? ಚೈನು, ಹೈಡ್ರಾಲಿಕ್ ಪೈಪು, ಬ್ರೇಕ್ ಲೈನರು ಎಲ್ಲಿ ಸಿಗುತ್ತೆ? ರಿಪೇರಿ ತಡವಾದರೆ ಬದಲಿ ಗಾಡಿ ಕೊಡ್ತೀರಾ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿರಲಿ.

ಯಾಕೆಂದರೆ ಸುಗ್ಗಿಯಲ್ಲಿ ಗಾಡಿ ನಿಂತರೆ ಲಾರಿ ಕಾಯುತ್ತದೆ, ಅಂಗಡಿಗೆ ಮಾಲು ತಡವಾಗುತ್ತದೆ. ಆಗಲೇ "ಬ್ರೇಕ್ ಸ್ವಲ್ಪ ಸಡಿಲ, ಪರವಾಗಿಲ್ಲ, ಓಡ್ಸು" ಎಂಬ ಮಾತು ಹೊರಡುವುದು. ಅಪಘಾತ ಹುಟ್ಟುವುದೂ ಅಲ್ಲೇ. ಮೆಕ್ಯಾನಿಕ್ ಹೊತ್ತಿಗೆ ಬರುವ ಗಾಡಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವೇನಿಲ್ಲ.