ಮಂಜುಗಡ್ಡೆ, ಗಂಜಿ, ಸ್ಪ್ರಿಂಗ್ ತಕ್ಕಡಿ: ಹೈಸ್ಕೂಲ್ ವಿಜ್ಞಾನ ಮನೆಯಲ್ಲೇ

ಸ್ಥಿತಿ ಬದಲಾವಣೆ, ಕಿಣ್ವ, ಬಲ. ಹೈಸ್ಕೂಲ್ ಮಕ್ಕಳು ಬಾಯಿಪಾಠ ಮಾಡಿ ದಾಟಿಬಿಡುವ ಪಾಠಗಳಲ್ಲಿ ಇವೂ ಸೇರಿವೆ. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಅಲ್ಲೇ ತಡವರಿಸುತ್ತಾರೆ. ಈ ಮೂರನ್ನೂ ಮನೆಯಲ್ಲೇ ಮಾಡಿ ನೋಡಬಹುದು, ಲ್ಯಾಬ್ ಬೇಕಿಲ್ಲ. ಆದರೆ ಒಂದು ಕಟ್ಟುನಿಟ್ಟು ಇರಲಿ. ಏನಾಗುತ್ತದೆ ಎಂಬ ಊಹೆಯನ್ನು ಪ್ರಯೋಗಕ್ಕೆ ಮೊದಲೇ ಪೆನ್ನಿನಲ್ಲಿ ಬರೆದಿಡಬೇಕು. ಆಮೇಲೆ ತಿದ್ದುವಂತಿಲ್ಲ. ಊಹೆ ತಪ್ಪಿದರೆ, ಏಕೆ ತಪ್ಪಿತು ಎಂದು ಅದರ ಕೆಳಗೇ ಎರಡು ಸಾಲು ಬರೆಯಬೇಕು.

ಮೊದಲು ಮಂಜುಗಡ್ಡೆ. ಸಣ್ಣ ಪಾತ್ರೆಗೆ ಒಂದು ಲೋಟ ಮಂಜಿನ ಚೂರು, ಸ್ವಲ್ಪ ನೀರು ಹಾಕಿ. ಥರ್ಮಾಮೀಟರ್ ಇಳಿಬಿಡಿ, ಅದರ ಬುಡ ಪಾತ್ರೆಯ ತಳಕ್ಕೆ ತಾಗದಿರಲಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗುವುದಿಲ್ಲ. ಮೈನಸ್ 10ರಿಂದ 110 ಡಿಗ್ರಿ ಸೆಲ್ಸಿಯಸ್‌ವರೆಗೆ ಗೆರೆ ಇರುವ ಲ್ಯಾಬ್ ಥರ್ಮಾಮೀಟರ್ ಬೇಕು. ಸಣ್ಣ ಉರಿಯಲ್ಲಿಟ್ಟು ಚಮಚದಿಂದ ಕಲಕುತ್ತಾ ಇರಿ. ನಿಮಿಷಕ್ಕೊಮ್ಮೆ ಉಷ್ಣತೆ ಬರೆದುಕೊಳ್ಳಿ.

ಒಲೆ ಉರಿಯುತ್ತಲೇ ಇರುತ್ತದೆ, ಕೆಂಪು ಗೆರೆ ಮಾತ್ರ ಸೊನ್ನೆಯ ಆಸುಪಾಸು ಬಿಟ್ಟು ಏಳುವುದಿಲ್ಲ. ಕೊನೆಯ ಚೂರು ಕರಗಿದ ಮೇಲೆ ಸರಸರನೆ ಏರುತ್ತದೆ. ಹಾಗಾದರೆ ಅಷ್ಟು ಹೊತ್ತು ಕೊಟ್ಟ ಶಾಖ ಎಲ್ಲಿ ಹೋಯಿತು? ಮಂಜಿನ ಅಣುಗಳ ನಡುವಿನ ಹಿಡಿತ ಬಿಡಿಸಲು ಖರ್ಚಾಯಿತು. ಉಷ್ಣತೆಯಲ್ಲಿ ಕಾಣಿಸಿಕೊಳ್ಳದ ಈ ಶಾಖವೇ ಗುಪ್ತೋಷ್ಣ. ಒಂದು ಗ್ರಾಂ ಮಂಜು ಕರಗಲು ಸುಮಾರು 334 ಜೂಲ್ ಬೇಕು. ಅಷ್ಟು ಶಾಖದಲ್ಲಿ ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು! ನೀರು ಆವಿಯಾಗಲು ಇನ್ನೂ ಹೆಚ್ಚು, ಗ್ರಾಮಿಗೆ ಸುಮಾರು 2,260 ಜೂಲ್. ಕುದಿನೀರಿಗಿಂತ ಹಬೆ ಕೆಟ್ಟದಾಗಿ ಸುಡುವುದು ಅದಕ್ಕೇ.

ನೀರು ಕುದಿಯುವಾಗ ಬೆಂಗಳೂರಿನವರಿಗೆ ಒಂದು ಅನುಮಾನ ಬರುತ್ತದೆ. ಪುಸ್ತಕ 100 ಡಿಗ್ರಿ ಎನ್ನುತ್ತದೆ, ಥರ್ಮಾಮೀಟರ್ 97ರ ಹತ್ತಿರವೇ ನಿಲ್ಲುತ್ತದೆ. ಥರ್ಮಾಮೀಟರ್ ಕೆಟ್ಟಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಮಂಗಳೂರಿನಲ್ಲಿ 100 ಬರುತ್ತದೆ, ಮಡಿಕೇರಿಯಲ್ಲಿ 96ರ ಸುಮಾರು. ದಯವಿಟ್ಟು ಕಂಡ ಅಂಕಿಯನ್ನೇ ಬರೆಯಿರಿ, ಪುಸ್ತಕದ ಅಂಕಿಯನ್ನಲ್ಲ.

ಕಿಣ್ವಕ್ಕೆ ಗಂಜಿ ಸಾಕು. ಕಿಣ್ವ ಎಂದರೆ ದೇಹದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಪ್ರೋಟೀನ್. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಅರ್ಧ ಲೋಟ ನೀರಿಗೆ ಒಂದು ಚಮಚ ಗಂಜಿ ತಿಳಿ ಬೆರೆಸಿ, ಮೂರು ಪುಟ್ಟ ಲೋಟಗಳಿಗೆ ಹಂಚಿ. ಗಂಜಿ ಗಟ್ಟಿಯಾಗಿದ್ದರೆ ಫಲಿತಾಂಶ ಕಾಣುವುದಿಲ್ಲ. ಒಂದಕ್ಕೆ ಒಂದು ಚಮಚ ಎಂಜಲು, ಇನ್ನೊಂದಕ್ಕೆ ಚೆನ್ನಾಗಿ ಕುದಿಸಿ ಆರಿಸಿದ ಎಂಜಲು, ಮೂರನೆಯದಕ್ಕೆ ಬರೀ ನೀರು. ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿ ಅರ್ಧ ಗಂಟೆ ಇಡಿ. ಬಳಿಕ ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣವನ್ನು ನೀರಿನಲ್ಲಿ ತೆಳುಮಾಡಿ ಎರಡೆರಡು ಹನಿ ಬಿಡಿ. ಪಿಷ್ಟ ಉಳಿದ ಕಡೆ ಕಡುನೀಲಿ ಬರುತ್ತದೆ. ಹಸಿ ಎಂಜಲು ಹಾಕಿದ ಲೋಟ ಮಾತ್ರ ನೀಲಿಯಾಗುವುದಿಲ್ಲ. ಕುದಿಸಿದಾಗ ಕಿಣ್ವದ ಆಕಾರ ಕೆಡುತ್ತದೆ, ಆಕಾರ ಕೆಟ್ಟರೆ ಕೆಲಸವೂ ನಿಲ್ಲುತ್ತದೆ.

ಆಮ್ಲ ಹಾಕಿದರೆ ಏನಾಗುತ್ತದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ನಿಂಬೆರಸ ಬೇಡ. ಅದರಲ್ಲಿರುವ ವಿಟಮಿನ್ ಸಿ ಅಯೋಡಿನ್‌ನ ಬಣ್ಣವನ್ನೇ ಅಳಿಸಿ, ಪಿಷ್ಟ ಹೋಯಿತೆಂಬ ಭ್ರಮೆ ಹುಟ್ಟಿಸುತ್ತದೆ. ವಿನೆಗರ್ ಬಳಸಿ. ಲೋಟದಲ್ಲಿ ಉಳಿದದ್ದನ್ನು ಕುಡಿಯಬೇಡಿ, ಚೆಲ್ಲಿಬಿಡಿ.

ಬಲಕ್ಕೆ ಸ್ಪ್ರಿಂಗ್ ತಕ್ಕಡಿ. ಪುಸ್ತಕದ ಕಟ್ಟಿಗೆ ಕೊಕ್ಕೆ ಹಾಕಿ ಮೇಜಿನ ಮೇಲೆ ನಿಧಾನವಾಗಿ ಎಳೆಯಿರಿ. ಮುಳ್ಳು ಏರುತ್ತಾ ಹೋಗಿ, ಕಟ್ಟು ಜಾರಿದ ಕ್ಷಣ ಕೊಂಚ ಇಳಿಯುತ್ತದೆ. ನಿಂತ ವಸ್ತುವಿನ ಘರ್ಷಣೆ ಚಲಿಸುವಾಗಿನದಕ್ಕಿಂತ ಹೆಚ್ಚು. ಕಿಲೋದಲ್ಲಿ ಓದಿದ ಅಂಕಿಯನ್ನು 9.8ರಿಂದ ಗುಣಿಸಿದರೆ ಬಲ ನ್ಯೂಟನ್‌ಗಳಲ್ಲಿ ಸಿಗುತ್ತದೆ. ಎರಡು ತಕ್ಕಡಿ ಸಿಕ್ಕರೆ ಕೊಕ್ಕೆಗೆ ಕೊಕ್ಕೆ ಸೇರಿಸಿ, ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ ಎಳೆಯಲಿ. ಅಣ್ಣನ ತಕ್ಕಡಿ ಹೆಚ್ಚು ತೋರಿಸುತ್ತದೆ ಎಂದೇ ಬಹುತೇಕರ ಊಹೆ. ಎರಡೂ ಒಂದೇ ತೋರಿಸುತ್ತವೆ, ಇದೇ ನ್ಯೂಟನ್‌ನ ಮೂರನೇ ನಿಯಮ.

ಖರ್ಚು? ಥರ್ಮಾಮೀಟರ್, ಒಂದು ತಕ್ಕಡಿ, ಅಯೋಡಿನ್ ಸೇರಿ ಸಾಮಾನ್ಯವಾಗಿ ಐನೂರು ರೂಪಾಯಿ ಒಳಗೇ ಮುಗಿಯುತ್ತದೆ. ಅಯೋಡಿನ್ ಔಷಧಿ ಅಂಗಡಿಯಲ್ಲಿ, ಉಳಿದವು ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಿಗುತ್ತವೆ. ಪಾದರಸದ ಥರ್ಮಾಮೀಟರ್ ಕೊಂಡರೆ ಒಡೆದಾಗ ಕಷ್ಟ, ಕೆಂಪು ದ್ರವದ್ದನ್ನೇ ಕೇಳಿ.

ಅಣುಗಳು ಅಲುಗಾಡುವುದನ್ನು ಮಾತ್ರ ಪಾತ್ರೆಯಲ್ಲಿ ನೋಡಲಾಗದು. ಅದಕ್ಕೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಿವೆ. ಸಿಮ್ಯುಲೇಶನ್ ಎಂದರೆ ಪರದೆಯ ಮೇಲಿನ ಅಣಕು ಪ್ರಯೋಗ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಇದನ್ನು ಆರಂಭಿಸಿದರು. ಬ್ರೌಸರ್‌ನಲ್ಲಿ ಉಚಿತ, ಹಲವು ಪ್ರಯೋಗಗಳು ಕನ್ನಡದಲ್ಲೂ ಇವೆ. ಶಾಲೆಯಲ್ಲಿ ನೆಟ್ ಇಲ್ಲದಿದ್ದರೆ, ಬೇಕಾದ ಪ್ರಯೋಗವನ್ನು ಮೊದಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಒಯ್ಯಬಹುದು.